ಗ್ಯಾಲಕ್ಸಿ ಝೂ ಅಥವಾ ಕ್ಯಾಮೆಲ್ಸ್: ಮೊದಲ ಪ್ರಾಜೆಕ್ಟ್‌ಗೆ ಯಾವುದು?

ಗ್ಯಾಲಕ್ಸಿಗಳ ಮೇಲೆ ಮಷೀನ್ ಲರ್ನಿಂಗ್ ಪ್ರಯೋಗಿಸಲು ಹೊರಟಿದ್ದೀರಾ? ಹೊಸಬರಾದರೆ ಗ್ಯಾಲಕ್ಸಿ ಝೂ ಡೇಟಾನೇ ಸರಿ. 2007ರಲ್ಲಿ ಶುರುವಾದ ಇದರಲ್ಲಿ ಆಕಾಶವನ್ನು ದೂರದರ್ಶಕದಿಂದ ಚಿತ್ರಿಸಿದ ಸ್ಲೋನ್ ಸರ್ವೆಯ ನಿಜವಾದ ಚಿತ್ರಗಳಿದ್ದವು. ಸುರುಳಿಯೋ, ದುಂಡಗಿದೆಯೋ ಅಂತ ಸಾಮಾನ್ಯ ಜನರೇ ನೋಡಿ ಮತ ಹಾಕಿದರು. ಮತಗಳು ಒಡೆದ ಚಿತ್ರಗಳನ್ನು ಸುಮ್ನೆ ಬಿಸಾಡಬೇಡಿ. ಆ ಅನುಮಾನವನ್ನೂ ಮಾಡೆಲ್ ಕಲಿಯಬೇಕು. ಚಿತ್ರ ತಿರುಗಿಸಿದರೂ ಗ್ಯಾಲಕ್ಸಿ ಅದೇ ಅಲ್ವಾ? ಹಾಗಾಗಿ ತಿರುಗಿಸಿದ ಪ್ರತಿಗಳನ್ನೂ ತರಬೇತಿಗೆ ಸೇರಿಸಿ. ತೊಡಕು ಒಂದಿದೆ: ದೂರದ ಗ್ಯಾಲಕ್ಸಿ ಮಸುಕಾದಾಗ ಸುರುಳಿಯೂ ದುಂಡಗೆ ಕಾಣಬಹುದು.

ಕ್ಯಾಮೆಲ್ಸ್‌ನಲ್ಲಿರುವುದು ಕಂಪ್ಯೂಟರ್ ಸೃಷ್ಟಿಸಿದ ಸಾವಿರಾರು ಪುಟ್ಟ ವಿಶ್ವಗಳು. ಪ್ರತಿಯೊಂದರಲ್ಲೂ ದ್ರವ್ಯ ಎಷ್ಟು ಅನ್ನುವುದು ಮೊದಲೇ ಗೊತ್ತಿರುತ್ತದೆ. ಕಾಸ್ಮಾಲಜಿಯೇ (ಇಡೀ ವಿಶ್ವದ ಅಧ್ಯಯನ) ಗುರಿಯಾದರೆ ಇದನ್ನು ಆರಿಸಿ. ಆದರೆ ಈ ವಿಶ್ವಗಳನ್ನು ಬೇರೆ ಬೇರೆ ಸಿಮ್ಯುಲೇಷನ್ ವಿಧಾನಗಳಲ್ಲಿ ಸೃಷ್ಟಿಸಿದ್ದಾರೆ: ಅವುಗಳಲ್ಲಿ ಒಂದಾದ ಇಲಸ್ಟ್ರಿಸ್‌ಟಿಎನ್‌ಜಿ ವಿಶ್ವಗಳಲ್ಲಿ ಕಲಿತ ಮಾಡೆಲ್ ಇನ್ನೊಂದಾದ ಸಿಂಬಾ ವಿಶ್ವಗಳಲ್ಲಿ ಎಷ್ಟೋ ಸಲ ಕೈಕೊಡುತ್ತದೆ. ಅದನ್ನು ಪರೀಕ್ಷಿಸದೆ ಫಲಿತಾಂಶ ನಂಬಬೇಡಿ.