ಪೆಟ್ ಶಾಪ್ ಬಾಯ್ಸ್, ಇರೇಷರ್: ಮೊದಲು ಕೇಳಬೇಕಾದದ್ದು ಯಾರನ್ನು?

ಬ್ರಿಟನ್ನಿನ ಸಿಂಥ್‌ಪಾಪ್ (ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯವನ್ನು ನೆಚ್ಚಿದ ಪಾಪ್ ಸಂಗೀತ) ಜೋಡಿಗಳನ್ನು ಹೊಸದಾಗಿ ಕೇಳಲು ಹೊರಟವರಿಗೆ ಈ ಎರಡರ ನಡುವೆ ಆಯ್ಕೆ ಸುಲಭವಲ್ಲ.

ಪೆಟ್ ಶಾಪ್ ಬಾಯ್ಸ್ ಜೋಡಿಯ ನೀಲ್ ಟೆನಂಟ್ ಮತ್ತು ಕ್ರಿಸ್ ಲೋ 1981ರಲ್ಲಿ ಲಂಡನ್ನಿನ ಕಿಂಗ್ಸ್ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ ಭೇಟಿಯಾದರು. ಸಂಗೀತ ಪತ್ರಿಕೆಯೊಂದರಲ್ಲಿ ದುಡಿದಿದ್ದ ಟೆನಂಟ್ ಅವರ ಸಾಹಿತ್ಯದಲ್ಲಿ ಊರನ್ನೂ ಜನರನ್ನೂ ದೂರ ನಿಂತು ಗಮನಿಸುವ ಪತ್ರಕರ್ತನ ಕಣ್ಣಿದೆ. 1984ರಲ್ಲಿ ಮೊದಲು ಹೊರಬಂದ 'ವೆಸ್ಟ್ ಎಂಡ್ ಗರ್ಲ್ಸ್' ಹಾಡನ್ನು ಸ್ಟೀಫನ್ ಹೇಗ್ ಅವರ ನಿರ್ಮಾಣದಲ್ಲಿ ಮತ್ತೆ ಧ್ವನಿಮುದ್ರಿಸಿದಾಗ, ಅದು 1986ರಲ್ಲಿ ಬ್ರಿಟನ್ ಮತ್ತು ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು. ಹೆಡ್‌ಫೋನ್ ಹಾಕಿಕೊಂಡು ಅದರ ಆರಂಭವನ್ನು ಕೇಳಿ: ಬೀದಿಯ ಸದ್ದು, ಹೆಜ್ಜೆಗಳ ಸಪ್ಪಳ, ಬಳಿಕ ಹಾಡೂ ಅಲ್ಲದ, ಬರೀ ಮಾತೂ ಅಲ್ಲದ ಆ ತಣ್ಣನೆಯ ದನಿ.

ಇರೇಷರ್ ಜೋಡಿಯ ಗುಣವೇ ಬೇರೆ. ಡೆಪೆಷ್ ಮೋಡ್ ಮತ್ತು ಯಾಜೂ ತಂಡಗಳನ್ನು ಕಟ್ಟಿ ಬಂದಿದ್ದ ವಿನ್ಸ್ ಕ್ಲಾರ್ಕ್, 1985ರಲ್ಲಿ ಪತ್ರಿಕಾ ಜಾಹೀರಾತಿನ ಮೂಲಕ ಆ್ಯಂಡಿ ಬೆಲ್ ಅವರನ್ನು ಕಂಡುಕೊಂಡರು. ಇಲ್ಲಿ ಯಂತ್ರದ ಲಯ ಎಷ್ಟು ಕರಾರುವಾಕ್ಕೋ, ಬೆಲ್ ಅವರ ಕಂಠ ಅಷ್ಟೇ ಎದೆತುಂಬಿ ಹಾಡುತ್ತದೆ.

ಮಾತಿನ ಸೂಕ್ಷ್ಮಕ್ಕೆ ಮನಸೋಲುವವರು ಪೆಟ್ ಶಾಪ್ ಬಾಯ್ಸ್ ಅವರ 1990ರ 'ಬಿಹೇವಿಯರ್' ಆಲ್ಬಮ್ಮನ್ನು ಎತ್ತಿಕೊಳ್ಳಲಿ. ಅದರ ವಿಷಾದವನ್ನು ಮೀರಿಸುವ ಪಾಪ್ ಸಂಗೀತವನ್ನು ನಾನು ಹೆಚ್ಚು ಕೇಳಿಲ್ಲ. ಮೊದಲ ಸಲಕ್ಕೇ ಬಾಯಿಗೆ ಬರುವ ರಾಗ ಬೇಕೆನ್ನುವವರಿಗೆ ಇರೇಷರ್ ಅವರ 1988ರ 'ದಿ ಇನೊಸೆಂಟ್ಸ್' ಸರಿ. ಅದರ ನಿರ್ಮಾಪಕರೂ 'ವೆಸ್ಟ್ ಎಂಡ್ ಗರ್ಲ್ಸ್' ನಿರ್ಮಿಸಿದ ಅದೇ ಸ್ಟೀಫನ್ ಹೇಗ್. ಆದ್ದರಿಂದ ಎರಡು ಜೋಡಿಗಳ ವ್ಯತ್ಯಾಸ ಅಲ್ಲಿ ಇನ್ನಷ್ಟು ನಿಚ್ಚಳವಾಗಿ ಕೇಳಿಸುತ್ತದೆ.