ಮಂಗಳೂರಿನ ಮನೆಯಲ್ಲಿ ಶೋಪ್ಯಾನ್: ಡಿಜಿಟಲ್ ಪಿಯಾನೊ ಧ್ವನಿಮುದ್ರಣದ ನಾಲ್ಕು ದಾರಿಗಳು

ಕರಾವಳಿಯ ಮನೆಯಲ್ಲಿ ತಂತಿಯ ಪಿಯಾನೊ ಸಾಕುವುದು ಸುಲಭವಲ್ಲ. ಮಳೆಗಾಲದಲ್ಲಿ ಅದರ ನಾದಫಲಕದ ಮರ ತೇವ ಹೀರಿ ಉಬ್ಬುತ್ತದೆ, ಶ್ರುತಿ ಏರುತ್ತದೆ. ಡಿಸೆಂಬರ್‌ ಬಂದು ಹವೆ ಸ್ವಲ್ಪ ಒಣಗಿದರೆ ಅದೇ ಶ್ರುತಿ ಇಳಿಯುತ್ತದೆ. ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುತ್ತದೆ, ಕೀಗಳು ಒತ್ತಿದಲ್ಲೇ ಕಚ್ಚಿಕೊಳ್ಳುತ್ತವೆ. ಹಾಗಾಗಿ ಬೆಂದೂರಿನಿಂದ ಬಿಜೈವರೆಗೆ ನಾನು ಹೋಗಿಬರುವ ಮನೆಗಳಲ್ಲಿ ಪಾಶ್ಚಾತ್ಯ ಸಂಗೀತ ಕಲಿಯುವ ಮಕ್ಕಳ ಮುಂದೆ ಇರುವುದು ಡಿಜಿಟಲ್ ಪಿಯಾನೊವೇ. ನನ್ನ ಮನೆಯಲ್ಲಿರುವುದೂ ಅದೇ: ತಂತಿಯ ಪಿಯಾನೊದಂತೆ ಒತ್ತಲು ಭಾರವಿರುವ 88 ಕೀಗಳ, ಮಧ್ಯಮ ಬೆಲೆಯ ವಾದ್ಯ. ಅದರಲ್ಲಿ ನುಡಿಸಿದ್ದನ್ನು ಇತರರಿಗೆ ಕೇಳಿಸುವಂತೆ ಧ್ವನಿಮುದ್ರಿಸಲು ಯಾವ ದಾರಿ ಒಳ್ಳೆಯದು ಎಂದು ಕಲಿಯುವವರೂ ಅವರ ತಂದೆ ತಾಯಂದಿರೂ ಆಗಾಗ ಕೇಳುತ್ತಾರೆ. ಒಂದೇ ಕೃತಿಯನ್ನು ನಾಲ್ಕು ಬಗೆಯಲ್ಲಿ ಧ್ವನಿಮುದ್ರಿಸಿ, ಒಂದರ ಪಕ್ಕ ಒಂದನ್ನಿಟ್ಟು ಕೇಳಿ ಬರೆದದ್ದು ಇದು.

ಪರೀಕ್ಷೆಗೆ ಆರಿಸಿಕೊಂಡದ್ದು ಪಿಯಾನೊ ಕೃತಿಕಾರ ಶೋಪ್ಯಾನನ ಇ ಫ್ಲಾಟ್ ಮೇಜರ್ ನಾಕ್ಟರ್ನ್, ಎಂದರೆ ರಾತ್ರಿಯ ಭಾವದ ಕೃತಿ, ಓಪಸ್ 9ರ ಎರಡನೆಯದು. 1832ರಲ್ಲಿ ಪ್ರಕಟವಾದ ಈ ಕೃತಿ ಮೂವತ್ತನಾಲ್ಕೇ ಬಾರ್‌ಗಳದ್ದು, ಕಲಿಯುವವರೆಲ್ಲರ ಕೈಗೂ ಒಮ್ಮೆ ಬರುವಂಥದ್ದು. ಆದರೆ ಧ್ವನಿಮುದ್ರಣಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ನನಗೆ ತಿಳಿದಿಲ್ಲ. ಎಡಗೈ ಒಂದು ಮಂದ್ರ ಸ್ವರವನ್ನು ಮುಟ್ಟಿ ತಕ್ಷಣ ಮೇಲಿನ ಸ್ವರಗುಚ್ಛಗಳಿಗೆ ಹಾರುತ್ತದೆ. ಬಿಟ್ಟುಬಂದ ಆ ಮಂದ್ರವನ್ನು ಹಿಡಿದಿಡುವುದು ಪಾದದಡಿಯ ಪೆಡಲ್ ಮಾತ್ರ. ಬಲಗೈ ಹಾಡಬೇಕು; ಅದೇ ರಾಗ ಮರಳಿ ಬಂದಾಗಲೆಲ್ಲ ಹೊಸ ಅಲಂಕಾರ ತೊಡುತ್ತದೆ. ಕೊನೆಗೆ ಜೋರಾದ ಏರಿಕೆ, ತಾಳದ ಹಂಗಿಲ್ಲದೆ ಸುತ್ತುವ ಸಣ್ಣ ಸ್ವರಗಳ ಸರಣಿ, ಆಮೇಲೆ ಅತಿ ಮೆಲುವಾದ ಮುಕ್ತಾಯ. ಮೆಲುದನಿ, ಜೋರು, ಪೆಡಲ್, ಸ್ವರ ಆರುವ ಬಗೆ ಎಲ್ಲವೂ ಐದು ನಿಮಿಷದೊಳಗೆ ಪರೀಕ್ಷೆಗೆ ಒಳಗಾಗುತ್ತವೆ.

ಮೊದಲನೆಯದು ಎಲ್ಲರೂ ಮಾಡುವುದು: ಪಿಯಾನೊದ ಸ್ಪೀಕರ್ ಮುಂದೆ ಮೊಬೈಲ್ ಇಟ್ಟು ಧ್ವನಿಮುದ್ರಿಸುವುದು. ಖರ್ಚಿಲ್ಲ, ತಯಾರಿಯಿಲ್ಲ. ಆದರೆ ಮೊಬೈಲಿನ ಮೈಕ್ ಮಾತಿಗಾಗಿ ಹದಗೊಂಡದ್ದು. ಮೆಲ್ಲಗಿನದನ್ನು ತಾನೇ ಎತ್ತುತ್ತದೆ, ಜೋರಾದದ್ದನ್ನು ತಾನೇ ಅದುಮುತ್ತದೆ. ನಾಕ್ಟರ್ನಿನ ಮೊದಲ ಸಾಲೂ ಕೊನೆಯ ಏರಿಕೆಯೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಕೇಳಿಸಿದವು. ಇನ್ನೂ ಕೆಟ್ಟದ್ದು ಗದ್ದಲ ಕಳೆಯುವ ವ್ಯವಸ್ಥೆ. ಕೊನೆಯ ಸ್ವರ ಆರುತ್ತಿರುವಾಗ ಅದನ್ನೂ ಗದ್ದಲವೆಂದೇ ಎಣಿಸಿ ಬಾಲವನ್ನು ಕತ್ತರಿಸಿಬಿಡುತ್ತದೆ. ಅದರ ಮೇಲೆ ಹಂಚಿನ ಮಾಡಿಗೆ ಬೀಳುವ ಮಳೆ, ಫ್ಯಾನು, ಬೀದಿಯ ಬಸ್ಸಿನ ಹಾರ್ನ್, ಜೊತೆಗೆ ಕೀಗಳು ತಳಕ್ಕೆ ಬಡಿಯುವ ಟಕಟಕ ಸದ್ದು. ಸ್ವಯಂಚಾಲಿತ ಹೊಂದಾಣಿಕೆಯನ್ನು ನಿಲ್ಲಿಸಬಲ್ಲ ಆ್ಯಪ್ ಬಳಸಿದರೆ ಪರಿಸ್ಥಿತಿ ಎಷ್ಟೋ ಸುಧಾರಿಸುತ್ತದೆ. ಆದರೂ ಸಣ್ಣ ಸ್ಪೀಕರಿನ ನಾದವನ್ನು ಕೋಣೆಯ ಗಾಳಿಯ ಮೂಲಕ ಹಿಡಿಯುವ ಈ ದಾರಿ ಅಭ್ಯಾಸವನ್ನು ಗುರುಗಳಿಗೆ ಕಳುಹಿಸಲು ಸಾಕು, ಅದಕ್ಕಿಂತ ಮುಂದೆ ಒಯ್ಯುವುದಿಲ್ಲ.

ಎರಡನೆಯದು, ವಾದ್ಯದ ಸ್ವಂತ ನಾದವನ್ನು ತಂತಿಯ ಮೂಲಕ ನೇರವಾಗಿ ತೆಗೆದುಕೊಳ್ಳುವುದು. ಇಲ್ಲಿ ವಾದ್ಯದ ಹಿಂಬದಿಯನ್ನು ಒಮ್ಮೆ ನೋಡಿಕೊಳ್ಳಬೇಕು. ಯಮಹಾ ಪಿ-125ರಂಥ ಮಾದರಿಗಳಲ್ಲಿ ಯುಎಸ್‌ಬಿ ತಂತಿಯೊಂದರಲ್ಲೇ ಧ್ವನಿಯೂ ಲ್ಯಾಪ್‌ಟಾಪಿಗೆ ಹೋಗುತ್ತದೆ. ಪಿ-45ರಲ್ಲಿ ಯುಎಸ್‌ಬಿ ಸಾಗಿಸುವುದು ಮಿಡಿ ಸಂದೇಶಗಳನ್ನು, ಎಂದರೆ ಯಾವ ಕೀ ಹೇಗೆ ಒತ್ತಿದಿರಿ ಎಂಬ ವಿವರವನ್ನು ಮಾತ್ರ. ಧ್ವನಿ ಬೇಕಿದ್ದರೆ ಹೆಡ್‌ಫೋನ್ ರಂಧ್ರದಿಂದ ಆಡಿಯೊ ಇಂಟರ್‌ಫೇಸಿಗೆ, ಎಂದರೆ ಧ್ವನಿಯನ್ನು ಲ್ಯಾಪ್‌ಟಾಪಿಗೆ ಒಯ್ಯುವ ಪೆಟ್ಟಿಗೆಗೆ, ಎಳೆಯಬೇಕು. ಹಾಗೆ ಎಳೆದಾಗ ನಮ್ಮ ಹಳೆಯ ಮನೆಗಳ ವೈರಿಂಗ್ ಕೈಕೊಡುವುದುಂಟು. ಅರ್ತಿಂಗ್ ಸರಿಯಿಲ್ಲದ ಕಡೆ ಲ್ಯಾಪ್‌ಟಾಪಿನ ಚಾರ್ಜರ್ ಚುಚ್ಚಿದೊಡನೆ ಜುಂಯ್ ಎಂಬ ಗುನುಗು ಸೇರಿಕೊಳ್ಳುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿದರೆ ನನ್ನಲ್ಲಿ ಅದು ಪೂರ್ತಿ ನಿಂತಿತು. ಇಂಟರ್‌ಫೇಸಿನಲ್ಲಿ 24 ಬಿಟ್ ಆರಿಸಿಕೊಂಡು, ಅತಿ ಜೋರಾದ ಜಾಗದಲ್ಲೂ ಮಟ್ಟ, ಧ್ವನಿ ಒಡೆಯುವ ಗಡಿಯಾದ ಸೊನ್ನೆಗಿಂತ ಆರರಿಂದ ಹತ್ತು ಡೆಸಿಬೆಲ್ ಕೆಳಗೆ ನಿಲ್ಲುವಂತೆ ಮಾಡಿದರೆ ಮೆಲುದನಿಯೂ ಸ್ವಚ್ಛವಾಗಿ ಉಳಿಯುತ್ತದೆ. ಇದಕ್ಕೆ ಆಡಾಸಿಟಿ ಎಂಬ ಉಚಿತ ಧ್ವನಿಮುದ್ರಣ ಸಾಫ್ಟ್‌ವೇರ್ ಸಾಕು.

ಫಲಿತಾಂಶ ನನಗೆ ಅಚ್ಚರಿ ತಂದಿತು. ಮಳೆಯಿಲ್ಲ, ಟಕಟಕವಿಲ್ಲ, ಜೋರು ಮತ್ತು ಮೆಲುವಿನ ಅಂತರ ನಾನು ನುಡಿಸಿದಷ್ಟೇ ಇದೆ. ಕೊರತೆ ಕಂಡದ್ದು ಉದ್ದ ಸ್ವರಗಳಲ್ಲಿ. ನಿಜವಾದ ಪಿಯಾನೊದಲ್ಲಿ ಸ್ವರ ಆರುತ್ತ ಹೋದಂತೆ ಅದರ ಬಣ್ಣವೂ ಬದಲಾಗುತ್ತದೆ. ಅಗ್ಗದ ಮತ್ತು ಮಧ್ಯಮ ಬೆಲೆಯ ವಾದ್ಯಗಳು ಮೆಮೊರಿಯ ಜಾಗ ಉಳಿಸಲು ಸ್ವರದ ಒಂದು ತುಣುಕನ್ನೇ ಸುತ್ತಿಸಿ ಸುತ್ತಿಸಿ ಸಣ್ಣದಾಗಿಸುತ್ತವೆ. ಸ್ಪೀಕರಿನಲ್ಲಿ ತಿಳಿಯದ ಈ ಸುತ್ತು ಒಳ್ಳೆಯ ಹೆಡ್‌ಫೋನಿನಲ್ಲಿ ತಿಳಿಯುತ್ತದೆ. ನಾಕ್ಟರ್ನಿನ ಮುಕ್ತಾಯದ ಸ್ವರಗುಚ್ಛಗಳಲ್ಲಿ ಅದು ಎದ್ದು ಕಾಣುತ್ತದೆ. ಹಾಗೆಂದು ಈ ದಾರಿಯನ್ನು ಯಾರೂ ಕಡೆಗಣಿಸಬಾರದು.

ಮೂರನೆಯ ಮತ್ತು ನಾಲ್ಕನೆಯ ದಾರಿಗಳಲ್ಲಿ ಪಿಯಾನೊ ನಾದವನ್ನೇ ಕಳುಹಿಸುವುದಿಲ್ಲ. ಯಾವ ಕೀ, ಎಷ್ಟು ವೇಗದಲ್ಲಿ ಕೆಳಗಿಳಿಯಿತು, ಯಾವಾಗ ಮೇಲೆದ್ದಿತು, ಪೆಡಲ್ ಎಲ್ಲಿದೆ ಎಂಬ ಮಿಡಿ ಸಂದೇಶಗಳನ್ನಷ್ಟೇ ಕಳುಹಿಸುತ್ತದೆ. 1983ರಿಂದ ಬಳಕೆಯಲ್ಲಿರುವ ಈ ಪದ್ಧತಿಯಲ್ಲಿ ಬೆರಳಿನ ವೇಗಕ್ಕೆ 1ರಿಂದ 127ರವರೆಗೆ ಅಂಕಿ. ಲ್ಯಾಪ್‌ಟಾಪಿನಲ್ಲಿರುವ ಸಾಫ್ಟ್‌ವೇರ್ ಪಿಯಾನೊ ಅದನ್ನು ಓದಿ ನಾದ ಹೊರಡಿಸುತ್ತದೆ. ಆಡಾಸಿಟಿಯಲ್ಲಿ ಮಿಡಿ ಧ್ವನಿಮುದ್ರಣ ಸಾಧ್ಯವಿಲ್ಲ. ನಾನು ರೀಪರ್ ಎಂಬ ಸಾಫ್ಟ್‌ವೇರ್ ಬಳಸುತ್ತೇನೆ, ಅರುವತ್ತು ದಿನ ಪರೀಕ್ಷೆಗೆ ಸಿಗುತ್ತದೆ. ಬೆರಳು ಒತ್ತಿದ್ದಕ್ಕೂ ನಾದ ಬಂದದ್ದಕ್ಕೂ ನಡುವಣ ತಡ ಕಡಿಮೆಯಿರಬೇಕು. ನಾದವನ್ನು ಹೊರಗೆ ಕಳುಹಿಸುವ ಮೊದಲು ಲ್ಯಾಪ್‌ಟಾಪ್ ಕೂಡಿಸಿಟ್ಟುಕೊಳ್ಳುವ ಭಾಗವಾದ ಬಫರನ್ನು 128 ಅಥವಾ 256 ಸ್ಯಾಂಪಲ್‌ಗಳಿಗೆ (ಧ್ವನಿಯ ಅತಿ ಸಣ್ಣ ಅಳತೆಗಳಿಗೆ) ಇಳಿಸಿದರೆ ಆ ಹಂತದ ತಡ ಮೂರರಿಂದ ಆರು ಮಿಲಿಸೆಕೆಂಡಿನ ಒಳಗೆ ನಿಲ್ಲುತ್ತದೆ, ಬೆರಳಿಗೆ ತಿಳಿಯುವುದಿಲ್ಲ. ವಿಂಡೋಸ್‌ನಲ್ಲಿ ಇದಕ್ಕೆ ಸಾಮಾನ್ಯವಾಗಿ ಧ್ವನಿಯ ತಡ ಇಳಿಸುವ ಆಸಿಯೊ ಡ್ರೈವರ್ ಬೇಕಾಗುತ್ತದೆ.

ಮೂರನೆಯ ದಾರಿ ಸ್ಯಾಂಪಲ್ ಸಂಗ್ರಹ. ನಿಜವಾದ ಗ್ರ್ಯಾಂಡ್ ಪಿಯಾನೊದ ಸ್ವರಗಳನ್ನು ಬೇರೆ ಬೇರೆ ಬಲದಲ್ಲಿ ನುಡಿಸಿ ಧ್ವನಿಮುದ್ರಿಸಿ ಜೋಡಿಸಿಟ್ಟದ್ದು. ನಾನು ಬಳಸಿದ್ದು ಸಲಮ್ಯಾಂಡರ್ ಎಂಬ ಉಚಿತ ಸಂಗ್ರಹ. ಯಮಹಾ ಸಿ5 ಗ್ರ್ಯಾಂಡ್ ಪಿಯಾನೊವನ್ನು ಹದಿನಾರು ಬಲದ ಪದರಗಳಲ್ಲಿ ಸೆರೆಹಿಡಿದ ಇದನ್ನು ಸ್ಫೋರ್ಟ್ಸಾಂಡೊ ಎಂಬ ಉಚಿತ ಪ್ಲೇಯರಿನಲ್ಲಿ ತೆರೆಯಬಹುದು. ಒಂದೊಂದು ಸ್ವರವನ್ನೂ ಬಿಡಿಯಾಗಿ ಕೇಳಿದರೆ ನಾಲ್ಕೂ ದಾರಿಗಳಲ್ಲಿ ಅತ್ಯಂತ ನೈಜವಾದದ್ದು ಇದೇ. ನಾಕ್ಟರ್ನಿನ ಮೊದಲ ಬಿ ಫ್ಲಾಟ್, ಅಲ್ಲಿಂದ ಮೇಲಿನ ಜಿಗೆ ಹಾರುವ ಜಿಗಿತ, ಇಷ್ಟರಲ್ಲೇ ಮರದ ಮೈಯೂ ಕೋಣೆಯ ಗಾಳಿಯೂ ಕಿವಿಗೆ ಬಂದವು. ಬಾಖನ ಸಿ ಮೇಜರ್ ಪ್ರಿಲ್ಯೂಡನ್ನು ಪೆಡಲ್ ಮುಟ್ಟದೆ ಇದರಲ್ಲಿ ನುಡಿಸಿ ನೋಡಿ, ಬೇರೇನೂ ಬೇಡವೆನಿಸುತ್ತದೆ.

ತೊಡಕು ಶುರುವಾಗುವುದು ಪೆಡಲ್ ಒತ್ತಿದ ಮೇಲೆ. ನಿಜವಾದ ವಾದ್ಯದಲ್ಲಿ ಪೆಡಲ್ ಒತ್ತಿದರೆ ತಂತಿಗಳ ಮೇಲಿನ ಡ್ಯಾಂಪರ್‌ಗಳೆಲ್ಲ ಏಳುತ್ತವೆ, ಮುಟ್ಟದ ತಂತಿಗಳೂ ಮುಟ್ಟಿದ ತಂತಿಗೆ ದನಿಗೂಡಿಸುತ್ತವೆ. ಒಂದೊಂದಾಗಿ ಸೆರೆಹಿಡಿದ ಸ್ವರಗಳಲ್ಲಿ ಆ ಮಾತುಕತೆ ಇರುವುದಿಲ್ಲ. ಕೆಲವು ಸಂಗ್ರಹಗಳು ಅದನ್ನು ಮೇಲಿನಿಂದ ಲೇಪಿಸುತ್ತವೆ. ಪೆಡಲನ್ನು ಅರ್ಧ ಎತ್ತಿ ಮಂದ್ರವನ್ನು ಉಳಿಸಿಕೊಂಡು ಮೇಲಿನ ಮಬ್ಬನ್ನು ಮಾತ್ರ ತಿಳಿಗೊಳಿಸುವ ಅರ್ಧ ಪೆಡಲಿಗೆ ಉಚಿತ ಸಂಗ್ರಹಗಳಲ್ಲಿ ಬಹಳಷ್ಟು ಕಡೆ ಅವಕಾಶವೇ ಇಲ್ಲ. ನಾಕ್ಟರ್ನಿಗೆ ಆ ಅರ್ಧ ಪೆಡಲೇ ಜೀವ. ಸ್ವರಗಳು ಚೆನ್ನಾಗಿದ್ದವು, ಅವು ಒಂದಾಗಲಿಲ್ಲ.

ನಾಲ್ಕನೆಯದು ಲೆಕ್ಕದಿಂದ ಹುಟ್ಟುವ ಪಿಯಾನೊ. ಫ್ರಾನ್ಸಿನ ಮೊಡಾರ್ಟ್ ಸಂಸ್ಥೆ 2006ರಲ್ಲಿ ಹೊರತಂದ ಪಿಯಾನೊಟೆಕ್ ಈ ಬಗೆಯದು. ಇದರಲ್ಲಿ ಧ್ವನಿಮುದ್ರಿತ ಸ್ವರಗಳಿಲ್ಲ. ಸುತ್ತಿಗೆ, ತಂತಿ, ನಾದಫಲಕ ಹೇಗೆ ಕಂಪಿಸುತ್ತವೆ ಎಂಬ ಗಣಿತವನ್ನು ಆ ಕ್ಷಣದಲ್ಲೇ ಬಿಡಿಸುತ್ತದೆ. ಹಾಗಾಗಿ ಡಿಸ್ಕಿನಲ್ಲಿ ಹಿಡಿಯುವ ಜಾಗ ಬಹಳ ಕಡಿಮೆ. ಹಣ ಕೊಡುವ ಮೊದಲು ಪರೀಕ್ಷಾ ಆವೃತ್ತಿಯನ್ನು ಇಳಿಸಿಕೊಳ್ಳಬಹುದು. ಅದರಲ್ಲಿ ಕೆಲವು ಕೀಗಳು ಮೂಕವಾಗಿರುತ್ತವೆ, ಇಪ್ಪತ್ತು ನಿಮಿಷಕ್ಕೆ ನಾದ ನಿಲ್ಲುತ್ತದೆ. ಅಷ್ಟರಲ್ಲೇ ಪೆಡಲಿನ ಗುಣ ಗೊತ್ತಾಗುತ್ತದೆ. ಸ್ಟೀನ್‌ವೇ, ಬೆಖ್‌ಸ್ಟೈನ್, ಬ್ಲೂತ್ನರ್ ಮಾದರಿಗಳಿವೆ. ನನ್ನ ಕಿವಿ ಒಪ್ಪಿದ್ದು ಬೆಖ್‌ಸ್ಟೈನನ್ನು.

ಬಿಡಿ ಸ್ವರ ಕೇಳಿದರೆ ಈ ಬಗೆಯ ಪಿಯಾನೊಗಳಲ್ಲಿ ನಡು ಸಪ್ತಕದ ಜೋರು ಹೊಡೆತಕ್ಕೆ ತುಸು ಲೋಹದ ಛಾಯೆ ಇದೆ ಎಂದು ಹೇಳುವವರಿದ್ದಾರೆ, ನನಗೂ ಕೆಲವು ಕಡೆ ಹಾಗೆನಿಸಿತು. ಆದರೆ ಕೃತಿಯಾಗಿ ಕೇಳಿದಾಗ ಉಳಿದ ಮೂರೂ ಹಿಂದೆ ಬಿದ್ದವು. ಮಂದ್ರದ ಇ ಫ್ಲಾಟ್ ಮೊಳಗುತ್ತಿರುವಾಗ ಮೇಲಿನ ರಾಗ ಅದರ ಮೈಯಿಂದಲೇ ಎದ್ದು ಬರುತ್ತದೆ. ಕೊನೆಯ ಸಣ್ಣ ಸ್ವರಗಳ ಸುತ್ತಿನಲ್ಲಿ ಪಾದವನ್ನು ಕೂದಲೆಳೆಯಷ್ಟು ಎತ್ತಿದರೂ ನಾದ ತಿಳಿಯಾಗುತ್ತದೆ. ಇದಕ್ಕೆ ವಾದ್ಯದ ಜೊತೆ ಬರುವ ಚಿಕ್ಕ ಪೆಡಲ್ ಸ್ವಿಚ್ ಸಾಲದು. ಅದು ಕಳುಹಿಸುವುದು ಸೊನ್ನೆ ಅಥವಾ 127, ನಡುವೆ ಏನೂ ಇಲ್ಲ. ಅರ್ಧ ಪೆಡಲ್ ತಿಳಿಯುವ ಯಮಹಾ ಎಫ್‌ಸಿ3ಎ ಅಥವಾ ರೋಲ್ಯಾಂಡ್ ಡಿಪಿ-10 ಥರದ್ದನ್ನು, ನಿಮ್ಮ ವಾದ್ಯಕ್ಕೆ ಹೊಂದುತ್ತದೆಯೇ ನೋಡಿಕೊಂಡು, ಕೊಳ್ಳಿ. ಹೊಸ ಸಾಫ್ಟ್‌ವೇರಿಗೆ ಹಣ ಹಾಕುವ ಮೊದಲು ಪೆಡಲಿಗೆ ಹಾಕಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಇಷ್ಟು ಹೋಲಿಕೆ ಮಾಡುವಾಗ ಯಾವ ನಾದ ಉತ್ತಮ ಎಂಬುದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಮಿಡಿಯ ದೊಡ್ಡ ಅನುಕೂಲವೆಂದು ಎಲ್ಲರೂ ಹೇಳುವುದು ಇದನ್ನು: ಒಮ್ಮೆ ನುಡಿಸಿಟ್ಟರೆ ಸಾಕು, ನಾದವನ್ನು ಆಮೇಲೆ ಬೇಕಾದಂತೆ ಬದಲಿಸಬಹುದು. ವಾದ್ಯದ ಸ್ವಂತ ನಾದ ಕೇಳುತ್ತ ನುಡಿಸಿದ ಮಿಡಿಯನ್ನು ಬೆಖ್‌ಸ್ಟೈನಿಗೆ ಕೊಟ್ಟೆ. ಆಮೇಲೆ ಬೆಖ್‌ಸ್ಟೈನನ್ನೇ ಹೆಡ್‌ಫೋನಿನಲ್ಲಿ ಕೇಳುತ್ತ ಹೊಸದಾಗಿ ನುಡಿಸಿದೆ. ಎರಡನ್ನೂ ಹೆಸರು ಹೇಳದೆ ಚರ್ಚಿನ ಗಾಯನ ವೃಂದದಲ್ಲಿ ಹಾಡುವ ಗೆಳೆಯನಿಗೆ ಕೇಳಿಸಿದೆ. "ಮೊದಲನೆಯದರಲ್ಲಿ ಎಡಗೈ ಬಲಗೈಯನ್ನು ಮುಚ್ಚಿಹಾಕುತ್ತಿದೆ, ಎರಡನೆಯದು ಬೇರೆ ಯಾರೋ ನುಡಿಸಿದಂತಿದೆ" ಎಂದ. ನುಡಿಸಿದವರು ಒಬ್ಬರೇ, ಪಿಯಾನೊ ಒಂದೇ, ನಾದವೂ ಒಂದೇ. ಕೇಳಿಸಿಕೊಂಡ ಕಿವಿ ಬೇರೆಯಾಗಿತ್ತು, ಅಷ್ಟೆ. ಸ್ವರ ಬೇಗ ಆರುವ ನಾದದಲ್ಲಿ ನುಡಿಸುವಾಗ ಪಾದ ಪೆಡಲನ್ನು ಹೆಚ್ಚು ಹೊತ್ತು ಹಿಡಿಯುತ್ತದೆ, ಎಡಗೈ ಭಾರವಾಗುತ್ತದೆ. ದೀರ್ಘವಾಗಿ ಮೊಳಗುವ ನಾದಕ್ಕೆ ಅದೇ ಚಲನೆಗಳನ್ನು ಕೊಟ್ಟರೆ ಕೆಸರಾಗುತ್ತದೆ. ಆದ್ದರಿಂದ ಯಾವ ನಾದದಲ್ಲಿ ಹೊರತರಬೇಕೋ ಅದೇ ನಾದವನ್ನು ಕೇಳುತ್ತಲೇ ನುಡಿಸಬೇಕು. ವಾದ್ಯದ ಸ್ಪೀಕರಿನ ದನಿಯನ್ನು ಪೂರ್ತಿ ನಿಲ್ಲಿಸಿ, ಹೆಡ್‌ಫೋನನ್ನು ಲ್ಯಾಪ್‌ಟಾಪಿಗೋ ಇಂಟರ್‌ಫೇಸಿಗೋ ಹಾಕಿ, ಒಂದೆರಡು ವಾರ ಆ ನಾದದಲ್ಲೇ ಅಭ್ಯಾಸ ಮಾಡಿ ಆಮೇಲೆ ಧ್ವನಿಮುದ್ರಿಸಿ.

ಬೆರಳಿನ ವೇಗದ ಹೊಂದಾಣಿಕೆಯನ್ನೂ ಮೊದಲೇ ಮಾಡಿಕೊಳ್ಳಿ. ಒಂದೊಂದು ಕಂಪನಿಯ ಕೀಗಳು ಒಂದೊಂದು ಬಗೆಯಲ್ಲಿ ಅಂಕಿ ಕಳುಹಿಸುತ್ತವೆ. ಮೆಲ್ಲಗೆ ಒಂದು ಸ್ಕೇಲ್, ಜೋರಾಗಿ ಒಂದು ಸ್ಕೇಲ್ ನುಡಿಸಿ ಪರದೆಯ ಮೇಲೆ ಅಂಕಿಗಳನ್ನು ನೋಡಿ. ಎಷ್ಟು ಬಲ ಹಾಕಿದರೂ 100 ದಾಟದಿದ್ದರೆ ಯಾವ ವೇಗಕ್ಕೆ ಎಷ್ಟು ಜೋರು ಎಂದು ತೋರಿಸುವ ಸಾಫ್ಟ್‌ವೇರಿನ ಗೆರೆಯನ್ನು ಬಗ್ಗಿಸಬೇಕು.

ತಿದ್ದುವ ಬಗ್ಗೆ ನನ್ನ ನಿಲುವು ಗಟ್ಟಿಯಾದದ್ದು. ಜಾರಿ ತಗುಲಿದ ಪಕ್ಕದ ಕೀಯೊಂದನ್ನು ಮಿಡಿಯಿಂದ ಅಳಿಸುವುದರಲ್ಲಿ ತಪ್ಪಿಲ್ಲ. ಸ್ವರಗಳನ್ನೆಲ್ಲ ತಾಳದ ಲೆಕ್ಕದ ಗೆರೆಗೆ ತಂದು ನಿಲ್ಲಿಸುವ ಗುಂಡಿಯನ್ನು ಮಾತ್ರ ಒತ್ತಲೇಬೇಡಿ. ಎಡಗೈ ತಾಳ ಕಾಯಬೇಕು, ಬಲಗೈ ಸ್ವತಂತ್ರವಾಗಿ ಹಾಡಬೇಕು ಎಂದು ಶೋಪ್ಯಾನ್ ಕಲಿಸುತ್ತಿದ್ದುದನ್ನು ಅವನ ಶಿಷ್ಯರು ಬರೆದಿಟ್ಟಿದ್ದಾರೆ. ಯಕ್ಷಗಾನದಲ್ಲಿ ಮದ್ದಳೆ ತಾಳ ಬಿಡದೆ ಹಿಡಿದಿರುವಾಗ ಭಾಗವತರು ಪದವನ್ನು ಎಳೆದು ತಂದು ಸೇರಿಸುವ ಬಗೆ ಅದು. ಗೆರೆಗೆ ನಿಲ್ಲಿಸಿದರೆ ಆ ಎಳೆತವೇ ಹೋಗುತ್ತದೆ.

ಅನುರಣನಕ್ಕೂ, ಎಂದರೆ ಸಭಾಂಗಣದ ಗೋಡೆಗಳಿಂದ ನಾದ ಮರಳಿ ಮೊಳಗುವುದಕ್ಕೂ, ಒಂದು ಮಾತು. ಸಾಫ್ಟ್‌ವೇರಿನಲ್ಲಿ ಕೆಥೆಡ್ರಲ್ ಎಂಬ ಆಯ್ಕೆ ಕಂಡರೆ ಕೈ ಅತ್ತಲೇ ಹೋಗುತ್ತದೆ. ನಮ್ಮೂರಿನ ರೊಸಾರಿಯೊ ಕೆಥೆಡ್ರಲಿನಲ್ಲಿ ಗಾಯನ ವೃಂದ ಕೇಳಿದವರಿಗೆ ಅಂಥ ಮೊಳಗು ಪ್ರಿಯವಾಗುವುದು ಸಹಜ. ಆದರೆ ಶೋಪ್ಯಾನ್ ಹೆಚ್ಚಾಗಿ ನುಡಿಸಿದ್ದು ಪ್ಯಾರಿಸ್ಸಿನ ಮನೆಗಳ ಹಜಾರಗಳಲ್ಲಿ, ಕೆಲವೇ ಕೇಳುಗರ ಮುಂದೆ. ಚಿಕ್ಕ ಸಭಾಂಗಣವೊಂದನ್ನು ಆರಿಸಿ, ಅದನ್ನೂ ತೆಗೆದರೆ ಕೊರತೆ ತಿಳಿಯುವಷ್ಟು, ಇದ್ದರೆ ಗಮನಕ್ಕೆ ಬಾರದಷ್ಟು ಮಾತ್ರ ಬೆರೆಸಿ.

ವಿಡಿಯೊ ಮೂಲಕ ಪರೀಕ್ಷೆ ಕೊಡುವ ಮಕ್ಕಳಿಗೆ ನಾನು ಸೂಚಿಸುವುದು ಎರಡನೆಯ ದಾರಿಯನ್ನು. ಅಲ್ಲಿ ತಡೆಯಿಲ್ಲದ ಒಂದೇ ಚಿತ್ರೀಕರಣ ಬೇಕು, ತಿದ್ದುವಂತಿಲ್ಲ, ಮಿಡಿಯ ಅನುಕೂಲ ಅವರಿಗೆ ಒದಗುವುದಿಲ್ಲ. ಯುಎಸ್‌ಬಿಯಲ್ಲಿ ಧ್ವನಿ ಕಳುಹಿಸುವ ಪಿಯಾನೊವನ್ನು ತಕ್ಕ ತಂತಿಯಿಂದ ಐಫೋನಿಗೆ ಜೋಡಿಸಿದರೆ ಕ್ಯಾಮೆರಾ ವಾದ್ಯದ ನಾದವನ್ನೇ ತೆಗೆದುಕೊಳ್ಳುತ್ತದೆ, ಮಳೆ ಎಷ್ಟೇ ಸುರಿಯಲಿ. ಆದರೆ ಹಾಗೆ ಜೋಡಿಸಿದಾಗ ಮಗು ತನ್ನ ಹೆಸರನ್ನೂ ಕೃತಿಯ ಹೆಸರನ್ನೂ ಹೇಳಿದರೆ ಆ ಮಾತು ವಿಡಿಯೊದಲ್ಲಿ ಕೇಳಿಸುವುದಿಲ್ಲ. ಫೋನಿನ ಮೈಕ್ ಆಗ ಕೆಲಸ ಮಾಡುವುದಿಲ್ಲ. ಪರಿಚಯದ ವಿವರವನ್ನು ಕಾಗದದಲ್ಲಿ ಬರೆದು ಕ್ಯಾಮೆರಾಕ್ಕೆ ತೋರಿಸಬಹುದೇ ಎಂದು ಪರೀಕ್ಷಾ ಸಂಸ್ಥೆಯನ್ನು ಮೊದಲೇ ಕೇಳಿಕೊಳ್ಳಿ.