ಕಡಲಡಿಯ ಬಸಾಲ್ಟಿನ ವಯಸ್ಸು: ಒಂದೇ ಕಲ್ಲಿಗೆ ಮೂರು ಪರೀಕ್ಷೆ ಮಾಡಿ ನೋಡಿದೆ

ಲಕ್ಷದ್ವೀಪದಿಂದ ಮಾಲ್ಡೀವ್ಸ್ ದಾಟಿ ಚಾಗೋಸ್ ತನಕ ಸಮುದ್ರದೊಳಗೆ ಉದ್ದಕ್ಕೆ ಒಂದು ಏಣು ಇದೆ. ಮೇಲೆ ಹವಳದ ಸುಣ್ಣಕಲ್ಲು, ಅದರ ಕೆಳಗೆ ಬಸಾಲ್ಟ್, ಅಂದರೆ ಲಾವಾ ತಣಿದು ಆದ ಕರಿಕಲ್ಲು. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆ ಹೊಲದಲ್ಲಿ ಸಿಗುವ ಕರಿಕಲ್ಲು ಸುಮಾರು 6.6 ಕೋಟಿ ವರ್ಷ ಹಳೆಯದು. ಅದನ್ನು ಉಗುಳಿದ ಬಿಸಿ ತಾಣವೇ (ಭೂಮಿಯ ಆಳದಿಂದ ಲಾವಾ ಉಕ್ಕುವ ಜಾಗ) ಆಮೇಲೆ ಈ ಏಣನ್ನೂ ಕಟ್ಟಿತು, ಈಗ ಅದು ರಿಯೂನಿಯನ್ ದ್ವೀಪದ ಅಡಿಯಲ್ಲಿ ಉರಿಯುತ್ತಿದೆ ಅನ್ನೋದು ಬಹಳ ಜನ ಒಪ್ಪಿರುವ ಮಾತು. ಹೊತ್ತಿಸಿದ ಊದುಬತ್ತಿಯ ಮೇಲೆ ಕಾಗದ ಎಳೆದರೆ ಸುಟ್ಟ ಗೆರೆ ಬೀಳುತ್ತಲ್ಲ, ಹಾಗೆ. ಇದು ನಿಜವಾದರೆ ಆ ಗೆರೆಯ ಮೇಲಿನ ಕಲ್ಲುಗಳ ವಯಸ್ಸು ಸಾಲಾಗಿ ಇಳಿಯುತ್ತಾ ಬರಬೇಕು. ಆದರೆ ನೀರಲ್ಲಿ ಐದಾರು ಕೋಟಿ ವರ್ಷ ನೆನೆದ ಕಲ್ಲು ತನ್ನ ವಯಸ್ಸನ್ನು ಸುಲಭಕ್ಕೆ ಹೇಳುವುದಿಲ್ಲ.

1987ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಹಡಗು ಈ ಸಾಲಿನಲ್ಲಿ ಹಲವು ಕಡೆ ಕೊರೆದು ಬಸಾಲ್ಟ್ ಎತ್ತಿತು. ಹಿಂದೂ ಮಹಾಸಾಗರದ ಅಂಥ ಕೊರೆತದ ಕಲ್ಲುಗಳೆಲ್ಲ ಈಗ ಕೊಚ್ಚಿಯ ಉಗ್ರಾಣದಲ್ಲಿವೆ. ಕೇರಳದ ಕೊಚ್ಚಿ ಅಲ್ಲ, ಜಪಾನಿನ ಕೊಚ್ಚಿ! ಮನೆಯಲ್ಲಿ ಇದನ್ನು ಎಷ್ಟು ಸಲ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ. ನನ್ನ ಕೈಗೆ ಬಂದದ್ದು ಈ ಏಣಿನ ನಾಲ್ಕು ಚೂರು, ಒಂದೊಂದೂ ಬೆಂಕಿಪೊಟ್ಟಣದಷ್ಟು. ಅದರಲ್ಲಿ ಒಂದನ್ನು ಮೂರು ರೀತಿ ಪರೀಕ್ಷೆ ಮಾಡಿದೆ.

ಮೊದಲನೆಯದು ಹಳೇ ಪೊಟ್ಯಾಸಿಯಂ-ಆರ್ಗಾನ್. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪೊಟ್ಯಾಸಿಯಂ-40 ನಿಧಾನಕ್ಕೆ ಸವೆಯುತ್ತದೆ, ಅರ್ಧ ಸವೆಯಲು 125 ಕೋಟಿ ವರ್ಷ ಬೇಕು. ಅದರಲ್ಲಿ ಹತ್ತನೇ ಒಂದು ಪಾಲಿನಷ್ಟು ಆರ್ಗಾನ್-40 ಆಗುತ್ತದೆ. ಒಂದು ಚೂರಲ್ಲಿ ಪೊಟ್ಯಾಸಿಯಂ ಅಳೆ, ಇನ್ನೊಂದು ಚೂರನ್ನು ಪೂರ್ತಿ ಕರಗಿಸಿ ಆರ್ಗಾನ್ ಅಳೆ, ಭಾಗಿಸು. ತೊಂದರೆ ಏನಂದ್ರೆ, ಕಡಲಡಿಯ ಬಸಾಲ್ಟಿನ ಬಿರುಕಲ್ಲಿ ಹಸಿರು ಜೇಡಿ ಕೂತಿರುತ್ತದೆ. ಅದು ಸಮುದ್ರದ ನೀರಿನಿಂದ ಪೊಟ್ಯಾಸಿಯಂ ಹೀರಿಕೊಂಡಿರುತ್ತದೆ. ಪೊಟ್ಯಾಸಿಯಂ ತಡವಾಗಿ ಬಂದರೆ ವಯಸ್ಸು ಕಡಿಮೆ ತೋರುತ್ತದೆ. ಉಲ್ಟಾ ಮೋಸವೂ ಇದೆ. ಆಳದ ನೀರಲ್ಲಿ ಲಾವಾ ಫಕ್ಕನೆ ತಣಿದು ಗಾಜಾದರೆ ಭೂಮಿಯೊಳಗಿನ ಆರ್ಗಾನ್ ಹೊರಗೆ ಹೋಗದೆ ಒಳಗೇ ಸಿಕ್ಕಿಕೊಳ್ಳುತ್ತದೆ. ಹವಾಯಿಯ ಕಿಲಾವೆಯಾದ ಎಳೆಯ ಲಾವಾ ಹೀಗೇ ಮುದುಕನ ವೇಷ ಹಾಕಿದ್ದನ್ನು 1968ರಲ್ಲೇ ತೋರಿಸಿದ್ದಾರೆ. ನನ್ನ ಚೂರು ಅಕ್ಕಪಕ್ಕದ ಕಲ್ಲುಗಳಿಗಿಂತ ತೀರಾ ಎಳೆಯದು ಅಂತ ಬಂತು. ಕಾರಣ ಜೇಡಿಯೋ, ಸೋರಿಹೋದ ಆರ್ಗಾನೋ? ಈ ವಿಧಾನದಲ್ಲಿ ಸಿಗೋದು ಒಂದೇ ಅಂಕಿ, ಅದು ಸರಿಯೋ ತಪ್ಪೋ ಅಂತ ಒಳಗಿನಿಂದ ತಿಳಿಯುವ ದಾರಿಯೇ ಇಲ್ಲ. ಇದಕ್ಕೆ ದುಡ್ಡು ಹಾಕಬೇಡಿ.

ಉಳಿದ ಎರಡೂ ಆರ್ಗಾನ್-ಆರ್ಗಾನ್. ಕಲ್ಲನ್ನು ಮೊದಲು ರಿಯಾಕ್ಟರಿಗೆ ಕಳಿಸಬೇಕು. ಅಲ್ಲಿ ನ್ಯೂಟ್ರಾನ್ ಹೊಡೆತಕ್ಕೆ ಪೊಟ್ಯಾಸಿಯಂ-39 ಒಂದಿಷ್ಟು ಆರ್ಗಾನ್-39 ಆಗುತ್ತದೆ. ಆಮೇಲೆ ಪೊಟ್ಯಾಸಿಯಂ ಬೇರೆ ಅಳೆಯುವ ಕೆಲಸವೇ ಇಲ್ಲ, ಅದರ ಲೆಕ್ಕವನ್ನು ಆರ್ಗಾನ್-39 ಕೊಡುತ್ತದೆ; ಒಂದೇ ಕಾಳಿನಿಂದ ಆರ್ಗಾನ್-39, ಆರ್ಗಾನ್-40 ಎರಡೂ ಬರುತ್ತವೆ. ಲೇಸರಿನಿಂದ ಮೆಲ್ಲಮೆಲ್ಲ ಕಾಯಿಸುತ್ತಾ, ಹಂತಕ್ಕೊಂದು ವಯಸ್ಸು ತೆಗೆಯಬಹುದು. ಸಾಲಾಗಿ ಹಲವು ಹಂತ ಒಂದೇ ವಯಸ್ಸು ಕೊಟ್ಟು, ಅವುಗಳಲ್ಲೇ ಅರ್ಧಕ್ಕಿಂತ ಹೆಚ್ಚು ಅನಿಲ ಬಂದಿದ್ದರೆ ಅದು ‘ಪ್ಲಾಟೋ’.

ನಿಜವಾದ ಜಗಳ ಇರೋದು ಏನನ್ನು ಕಾಯಿಸಬೇಕು ಅನ್ನೋದರಲ್ಲಿ.

ಗ್ರೌಂಡ್‌ಮಾಸ್ ಅಂದರೆ ಬಸಾಲ್ಟಿನ ಹಿಟ್ಟಿನಂಥ ನುಣುಪು ಭಾಗ. ಪೊಟ್ಯಾಸಿಯಂ ಚೆನ್ನಾಗಿರುತ್ತದೆ, ಸಿಗ್ನಲ್ ಜೋರು, ಒಂದೇ ದಿನದಲ್ಲಿ ಸಿದ್ಧ. ಫಲಿತಾಂಶದ ಮುಂದಿನ ಪ್ಲಸ್-ಮೈನಸ್ ಎಷ್ಟು ಸಣ್ಣದಿತ್ತು ಅಂದರೆ ನಾನು ಅವತ್ತು ಸಂಜೆ ಖುಷಿಯಲ್ಲಿ ಬೇಗ ಮನೆಗೆ ಹೋದೆ. ಮರುದಿನ ನಕ್ಷೆಯನ್ನು ಸರಿಯಾಗಿ ನೋಡಿದರೆ ಮೊದಲ ಹಂತಗಳು ಹಳೆಯವು, ಆಮೇಲೆ ಒಂದೊಂದೇ ಮೆಟ್ಟಿಲು ಇಳಿದಂತೆ ಎಳೆಯವು. ನಡುವಿನ ಮಟ್ಟಸವಾದ ಜಾಗವನ್ನೇ ನಾನು ಪ್ಲಾಟೋ ಅಂದುಕೊಂಡಿದ್ದೆ. ಇದು ರಿಯಾಕ್ಟರಿನಲ್ಲಿ ಹುಟ್ಟಿದ ಆರ್ಗಾನ್-39 ಹುಟ್ಟಿದ ಜಾಗ ಬಿಟ್ಟು ಜಿಗಿಯುವ ರೋಗ. ಜಿಗಿತ ಮೈಕ್ರಾನಿನ ಹತ್ತನೇ ಒಂದು ಭಾಗದಷ್ಟೇ. ಆದರೆ ಕಾಳೇ ಅಷ್ಟು ಸಣ್ಣದಿದ್ದರೆ, ಜೇಡಿ ಬೇರೆ ಸೇರಿದ್ದರೆ, ಅಷ್ಟು ಸಾಕು. ತೆಳುಚೂರು ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸವನ್ನು ನಾನು ಆಮೇಲೆ ಮಾಡಿದೆ, ಮೊದಲೇ ಮಾಡಬೇಕಿತ್ತು. ಹರಳುಗಳ ಸಂದಿಯಲ್ಲೆಲ್ಲ ಕಂದು-ಹಸಿರು ಕೊಳೆ ಎದ್ದು ಕಾಣುತ್ತಿತ್ತು.

ಪ್ಲೇಜಿಯೋಕ್ಲೇಸ್ ಬಿಳಿ ಹರಳು. ಇದರ ಕಷ್ಟವೇ ಬೇರೆ. ಕಲ್ಲು ಪುಡಿ ಮಾಡು, ಜರಡಿ ಹಿಡಿ, ಅಯಸ್ಕಾಂತದ ಯಂತ್ರದಲ್ಲಿ ಕಪ್ಪು ಕಾಳು ಬೇರೆ ಮಾಡು, ದುರ್ಬಲ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ತೊಳೆ. (ಪಕ್ಕದಲ್ಲಿ ಕ್ಯಾಲ್ಸಿಯಂ ಗ್ಲೂಕೊನೇಟ್ ಜೆಲ್ ಇಲ್ಲದೆ ಆ ಬಾಟಲಿ ಮುಟ್ಟಲೇಬೇಡಿ.) ಕೊನೆಗೆ ಚಿಮಟ ಹಿಡಿದು ಕೂರಬೇಕು. ಅಜ್ಜಿ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು, ನಾನು ಕಲ್ಲಲ್ಲಿ ಅಕ್ಕಿ ಆರಿಸಿದೆ. ಗಾಜಿನಂತೆ ತಿಳಿಯಾಗಿರುವ ಕಾಳು ಬೇಕು, ಮೋಡ ಕವಿದಂತೆ ಕಂಡರೆ ಬಿಸಾಕು. ಮೂರು ದಿನ ಕೂತು ಆರಿಸಿದ್ದು ಚಿಟಿಕೆ ಉಪ್ಪಿನಷ್ಟೂ ಇರಲಿಲ್ಲ. ಪೊಟ್ಯಾಸಿಯಂ ಇದರಲ್ಲಿ ತೀರಾ ಕಮ್ಮಿ, ಹಾಗಾಗಿ ಪ್ಲಸ್-ಮೈನಸ್ ಗ್ರೌಂಡ್‌ಮಾಸಿಗಿಂತ ನಾಲ್ಕೈದು ಪಟ್ಟು ಅಗಲ. ಸಹೋದ್ಯೋಗಿಯೊಬ್ಬರು ನೋಡಿ ‘ಇದೇನ್ರೀ ಇಷ್ಟು ದಪ್ಪ’ ಅಂತ ನಕ್ಕರು. ಆದರೆ ಮೆಟ್ಟಿಲು ಇರಲಿಲ್ಲ. ಹಂತಗಳೆಲ್ಲ ಒಂದೇ ಮಟ್ಟದಲ್ಲಿ ಕೂತಿದ್ದವು. ಐಸೊಕ್ರಾನ್ ಗೆರೆ (ಎಲ್ಲ ಹಂತಗಳ ಆರ್ಗಾನ್ ಅನುಪಾತಗಳನ್ನು ಒಂದೇ ನಕ್ಷೆಯಲ್ಲಿಟ್ಟು ಎಳೆಯುವ ಗೆರೆ, ಒಳಗೆ ಹಳೇ ಆರ್ಗಾನ್ ಸಿಕ್ಕಿಕೊಂಡಿದ್ದರೆ ಇದರಲ್ಲಿ ಗೊತ್ತಾಗುತ್ತದೆ) ಎಳೆದಾಗಲೂ ಗಾಳಿಯ ಆರ್ಗಾನ್ ಅನುಪಾತ ಇರಬೇಕಾದ ಕಡೆಯೇ ಇತ್ತು. ಲಾವಾದ ಮೇಲೆಯೇ ಕೂತ ಕೆಸರಿನ ಸೂಕ್ಷ್ಮ ಪಳೆಯುಳಿಕೆಗಳ ಜತೆಗೂ ಹೊಂದಿಕೊಂಡಿತು. ಕೆಸರು ಲಾವಾಕ್ಕಿಂತ ಎಳೆಯದೇ ಇರಬೇಕಲ್ವಾ? ಪಳೆಯುಳಿಕೆ ನೋಡುವವರನ್ನು ನಮ್ಮ ಕಡೆಯವರು ಸ್ವಲ್ಪ ಅಸಡ್ಡೆ ಮಾಡುತ್ತಾರೆ, ಆದರೆ ನನ್ನ ಗ್ರೌಂಡ್‌ಮಾಸ್ ಅಂಕಿ ತಪ್ಪು ಅಂತ ಮೊದಲು ಹೇಳಿದ್ದು ಅವರೇ.

ಜಿರ್ಕಾನ್ (ಕಲ್ಲಿನ ವಯಸ್ಸು ಅಳೆಯಲು ಬಹಳ ಬಳಸುವ ಗಟ್ಟಿ ಹರಳು) ಯಾಕೆ ಮಾಡಲಿಲ್ಲ ಅಂತ ಕೇಳುವವರಿಗೆ: ಮಾಮೂಲಿ ಬಸಾಲ್ಟಿನಲ್ಲಿ ಅದು ಸಿಗೋದೇ ಅಪರೂಪ. ಸಿಕ್ಕರೂ ಎಚ್ಚರ ಬೇಕು. ಮಾರಿಷಸ್‌ನಲ್ಲಿ ಬರೀ 57 ಲಕ್ಷ ವರ್ಷದ ಟ್ರಾಕೈಟ್ ಕಲ್ಲಿನಲ್ಲಿ 250ರಿಂದ 300 ಕೋಟಿ ವರ್ಷದ ಜಿರ್ಕಾನ್ ಸಿಕ್ಕ ಸುದ್ದಿ 2017ರಲ್ಲಿ ಬಂತು. ಅದು ಲಾವಾದ ವಯಸ್ಸಲ್ಲ, ಅಡಿಯಲ್ಲಿ ಮುಳುಗಿರುವ ಹಳೇ ಖಂಡದ ಚೂರಿನದು.

ಈಗ ಅರ್ಥ ಮಾಡುವ ಪಾಡು. 1987ರ ಕಲ್ಲುಗಳ ಪ್ರಕಟವಾದ ವಯಸ್ಸು ಹೀಗಿದೆ: 707ನೇ ಬಾವಿ ಸುಮಾರು 6.4 ಕೋಟಿ, 715 ಸುಮಾರು 5.7, 713 ಸುಮಾರು 4.9, 706 ಸುಮಾರು 3.3. ಚೆಂದದ ಇಳಿಜಾರು. ಆದರೆ ನಕಾಶೆ ಬಿಡಿಸಿ ನೋಡಿ: ಎಲ್ಲಕ್ಕಿಂತ ಹಳೆಯ 707 ಮಾಲ್ಡೀವ್ಸ್ ಹತ್ತಿರದ 715ಕ್ಕಿಂತ ಎಷ್ಟೋ ದಕ್ಷಿಣಕ್ಕೆ, ಸೇಶೆಲ್ಸ್ ಬಳಿ ಇದೆ! ನಾನು ಮೊದಲು ಸುಮ್ನೆ ಅಕ್ಷಾಂಶಕ್ಕೆ ವಯಸ್ಸು ಜೋಡಿಸಿ ಗೆರೆ ಎಳೆದು ಒಂದು ವಾರ ತಲೆ ಕೆಡಿಸಿಕೊಂಡೆ. 707 ಮತ್ತು 706 ಇರೋದು ಆಫ್ರಿಕಾದ ಫಲಕದ (ನಿಧಾನಕ್ಕೆ ಸರಿಯುವ ಭೂಮಿಯ ಹೊರಪದರದ ದೊಡ್ಡ ತುಂಡಿನ) ಮೇಲೆ. ನಡುವೆ ಕಡಲತಳ ಬಿರಿದು ಎರಡೂ ಕಡೆ ದೂರ ಸರಿದಿದೆ. ಆ ಸಮುದ್ರವನ್ನು ಮುಚ್ಚಿ, ಫಲಕಗಳನ್ನು ಹಳೇ ಜಾಗಕ್ಕೆ ತಂದು ಆಮೇಲೆ ಗೆರೆ ಎಳೆದರೆ ಸಾಲು ಕೂಡಿಕೊಳ್ಳುತ್ತದೆ. ಅದಕ್ಕೂ ಮೊದಲು ಎಲ್ಲರ ವಯಸ್ಸನ್ನೂ ಒಂದೇ ಮಾನಕಕ್ಕೆ ತಂದುಕೊಳ್ಳಿ. ಯಂತ್ರವನ್ನು ಹೋಲಿಸಿ ನೋಡಲು ಬಳಸುವ, ವಯಸ್ಸು ಮೊದಲೇ ಗೊತ್ತಿರುವ ಹರಳು ಫಿಶ್ ಕ್ಯಾನ್ಯನ್ ಸ್ಯಾನಿಡಿನ್; ಅದೊಂದನ್ನೇ ಕೆಲವರು 2.802 ಕೋಟಿ ಅಂತ, ಕೆಲವರು 2.820 ಕೋಟಿ ಅಂತ ಹಿಡಿಯುತ್ತಾರೆ. ಐದಾರು ಕೋಟಿಯ ಕಲ್ಲಿಗೆ ಇದೊಂದರಿಂದಲೇ ಮೂರ್ನಾಲ್ಕು ಲಕ್ಷ ವರ್ಷ ಆಚೀಚೆ ಆಗುತ್ತದೆ, ನನ್ನ ‘ಸಣ್ಣ’ ಪ್ಲಸ್-ಮೈನಸ್ ಇದ್ದದ್ದೂ ಸರಿಸುಮಾರು ಅಷ್ಟೇ.

ಉಳಿದ ಮೂರು ಚೂರಿನ ಬಿಳಿ ಹರಳು ಹೋದ ವಾರ ರಿಯಾಕ್ಟರಿನಿಂದ ವಾಪಸ್ ಬಂದಿದೆ. ರಿಯಾಕ್ಟರಿನಲ್ಲಿ ಕ್ಯಾಲ್ಸಿಯಂನಿಂದಲೂ ಒಂದಿಷ್ಟು ಆರ್ಗಾನ್ ಹುಟ್ಟುತ್ತದೆ, ಅದನ್ನು ಲೆಕ್ಕದಿಂದ ಕಳೆಯಲು ಬೇಕಾದ ಆರ್ಗಾನ್-37 ಪ್ರತಿ 35 ದಿನಕ್ಕೆ ಅರ್ಧ ಆಗುತ್ತಾ ಹೋಗುತ್ತದೆ, ಕಾಯುತ್ತಾ ಕೂರುವ ಹಾಗಿಲ್ಲ. ಯಂತ್ರದ ಪಾಳಿಗೆ ನನ್ನ ಮುಂದೆ ಇನ್ನೂ ಇಬ್ಬರಿದ್ದಾರೆ. ಇಬ್ಬರದೂ ಗ್ರೌಂಡ್‌ಮಾಸ್.